ಕಬಡ್ಡಿ ಪ್ಲೇ ಆಫ್: ಆಟಗಾರನ ಬೆಲೆ ಕಟ್ಟುವುದು ಹೇಗೆ?

ಪ್ರೊ ಕಬಡ್ಡಿ ಲೀಗ್ ಪ್ಲೇ ಆಫ್ ಹಂತಕ್ಕೆ ಬಂತೆಂದರೆ ಕಾರವಾರ, ಅಂಕೋಲಾಗಳಲ್ಲಿ ಹಳೆಯ ವಾದವೊಂದು ಹೊಸದಾಗಿ ಹುಟ್ಟಿಕೊಳ್ಳುತ್ತದೆ. ಕೋಟಿ ಕೊಟ್ಟು ತಂದ ದಾಳಿಗಾರ ತಂಡವನ್ನು ಗೆಲ್ಲಿಸುತ್ತಾನೆಯೋ, ಅಥವಾ ಯಾರೂ ಹೆಸರು ಹಿಡಿದು ಕೂಗದ ಇಬ್ಬರು ಮೂಲೆಯ ಹಿಡಿತಗಾರರು ಗೆಲ್ಲಿಸುತ್ತಾರೆಯೋ? ಕ್ರಿಕೆಟ್ಟಿನಲ್ಲಿ ಇಂತಹ ಚರ್ಚೆ ಸರಾಸರಿ, ಸ್ಟ್ರೈಕ್ ರೇಟ್‌ಗಳ ಲೆಕ್ಕದಲ್ಲಿ ಮುಗಿದುಹೋಗುತ್ತದೆ. ಕಬಡ್ಡಿಯಲ್ಲಿ ಅಷ್ಟು ಸುಲಭವಿಲ್ಲ. ಇಲ್ಲಿ ಔಟಾದ ಆಟಗಾರ ಮತ್ತೆ ಅಂಕಣಕ್ಕೆ ಬರುತ್ತಾನೆ, ಮತ್ತು ಅವನು ಯಾವಾಗ ಬರಬೇಕೆಂಬುದನ್ನು ಉಳಿದವರ ಆಟ ನಿರ್ಧರಿಸುತ್ತದೆ. ಈ ಒಂದು ನಿಯಮವನ್ನು ಮರೆತು ಆಟಗಾರರ ಬೆಲೆ ಕಟ್ಟುವವರು ಅಭಿಮಾನಿಗಳಲ್ಲಿ ಮಾತ್ರವಲ್ಲ, ಹರಾಜಿನ ಮೇಜಿನ ಸುತ್ತಲೂ ಇದ್ದಾರೆ ಎಂಬುದಕ್ಕೆ 2014ರಿಂದ 2025ರವರೆಗಿನ 12 ಆವೃತ್ತಿಗಳೇ ಸಾಕ್ಷಿ.

ಕಾಳಿ ನದಿಯ ಈಚೆಗೂ ಆಚೆಗೂ

ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿ, 1956ರವರೆಗೂ ಅಲ್ಲಿಯೇ ಉಳಿದಿತ್ತು. ಉದ್ಯೋಗಕ್ಕೆ ಮುಂಬಯಿಯನ್ನೂ ಗೋವೆಯನ್ನೂ ನೆಚ್ಚಿದ ಮನೆಗಳು ಸದಾಶಿವಗಡ, ಮಾಜಾಳಿಗಳ ಕಡೆ ಇಂದಿಗೂ ಇವೆ. ಹೀಗಾಗಿ ಬೆಂಗಳೂರು ಬುಲ್ಸ್ ರಾಜ್ಯದ ತಂಡವೆಂದು ಎಲ್ಲರೂ ಒಪ್ಪಿದರೂ ಯು ಮುಂಬಾ, ಪುಣೇರಿ ಪಲ್ಟನ್‌ಗಳ ಪರವಾಗಿ ಮಾತನಾಡುವವರಿಗೆ ಇಲ್ಲಿ ಕೊರತೆಯಿಲ್ಲ. ಬೆಂಗಳೂರು 500 ಕಿಲೋಮೀಟರಿಗೂ ದೂರ. ಅದೂ ಸಾಲದೆಂಬಂತೆ ಬುಲ್ಸ್ ತಂಡ 2017ರಲ್ಲಿ ತನ್ನ 'ತವರು' ಪಂದ್ಯಗಳನ್ನು ನಾಗ್ಪುರದಲ್ಲೂ 2018ರಲ್ಲಿ ಪುಣೆಯಲ್ಲೂ ಆಡಬೇಕಾಯಿತು. ಕಾರವಾರದವರಿಗೆ ತಂಡ ಕಣ್ಣಿಗೆ ಬಿದ್ದದ್ದು ಟಿ.ವಿ. ಪರದೆಯ ಮೇಲೆಯೇ.

ಆರಂಭದ ಆವೃತ್ತಿಗಳ ವೇಳಾಪಟ್ಟಿಯೂ ಕರಾವಳಿಗೆ ಅನುಕೂಲವಾಗಿತ್ತು. 2016ರ ನಾಲ್ಕನೇ ಆವೃತ್ತಿ ಜೂನ್ ಕೊನೆಯಿಂದ ಜುಲೈ 31ರವರೆಗೆ, ಅಂದರೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ ಮಳೆಗಾಲದಲ್ಲೇ ನಡೆಯಿತು. ದೋಣಿಗಳು ದಡದಲ್ಲಿ, ಜನ ಮನೆಯಲ್ಲಿ, ಸಂಜೆಗೆ ಕಬಡ್ಡಿ.

ಆದರೆ ಇಲ್ಲಿನ ಅಭಿಮಾನಿ ಟಿ.ವಿ.ಯಿಂದ ಆಟ ಕಲಿತವನಲ್ಲ. ಗದ್ದೆ ಕೊಯ್ಲು ಮುಗಿದ ಮೇಲೆ ಕರಾವಳಿಯ ಊರೂರುಗಳಲ್ಲಿ ನಡೆಯುವ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ಅವನು ಆಟ ಕಂಡಿದ್ದಾನೆ, ಹಲವರು ಆಡಿಯೂ ಇದ್ದಾರೆ. ಈ ಪಂದ್ಯಾವಳಿಗಳ ಬಹುಮಾನ ಪಟ್ಟಿಯನ್ನು ಗಮನಿಸಬೇಕು. ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ ಆಟಗಾರ ಎಂಬ ಮೂರು ವೈಯಕ್ತಿಕ ಬಹುಮಾನಗಳನ್ನು ಸಾಮಾನ್ಯವಾಗಿ ಸಮಸಮನಾಗಿ ಕೊಡುತ್ತಾರೆ. ದಾಳಿಗಾರನಿಗೆ ಹಿಡಿತಗಾರನಿಗಿಂತ ದೊಡ್ಡ ಕಪ್ ಕೊಡುವ ಪದ್ಧತಿ ಹಳ್ಳಿಯ ಅಂಕಣಕ್ಕೆ ಗೊತ್ತಿಲ್ಲ. ಅದನ್ನು ತಂದದ್ದು ಹರಾಜು.

12.80 ಲಕ್ಷದಿಂದ 2.605 ಕೋಟಿಗೆ

2014ರ ಮೊದಲ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ಪಡೆದವರು ರಾಕೇಶ್ ಕುಮಾರ್. ಪಟ್ನಾ ಪೈರೇಟ್ಸ್ ಅವರಿಗೆ ಕೊಟ್ಟದ್ದು 12.80 ಲಕ್ಷ ರೂಪಾಯಿ. 2018ರಲ್ಲಿ ಮೊದಲ ಬಾರಿಗೆ ಆಟಗಾರನೊಬ್ಬನ ಬೆಲೆ ಕೋಟಿ ಮುಟ್ಟಿತು. ಆ ಗೌರವ ಸಂದದ್ದು ದಾಳಿಗಾರನಿಗಲ್ಲ, ಯು ಮುಂಬಾ ಕೊಂಡ ಇರಾನಿನ ಹಿಡಿತಗಾರ ಫಜಲ್ ಅತ್ರಾಚಲಿಗೆ. ಆದರೆ ಅದೇ ಹರಾಜು ಮುಗಿಯುವ ಹೊತ್ತಿಗೆ ದಾಳಿಗಾರ ಮೋನು ಗೋಯತ್ 1.51 ಕೋಟಿಗೆ ಹರಿಯಾಣ ಸ್ಟೀಲರ್ಸ್ ಪಾಲಾಗಿದ್ದರು. 2019ರಲ್ಲಿ ಸಿದ್ಧಾರ್ಥ ದೇಸಾಯಿ 1.45 ಕೋಟಿ, 2021ರಲ್ಲಿ ಪ್ರದೀಪ್ ನರ್ವಾಲ್ 1.65 ಕೋಟಿ, 2022ರಲ್ಲಿ ಪವನ್ ಸೆಹ್ರಾವತ್ 2.26 ಕೋಟಿ, 2023ರಲ್ಲಿ ಅದೇ ಪವನ್ 2.605 ಕೋಟಿ. ಒಂಬತ್ತು ವರ್ಷಗಳಲ್ಲಿ ಅತ್ಯಧಿಕ ಬೆಲೆ ಸುಮಾರು 20 ಪಟ್ಟು ಏರಿತು.

ಮೊತ್ತಕ್ಕಿಂತ ಮುಖ್ಯವಾದುದು ಅದರ ಪಾಲು. 2023ರಲ್ಲಿ ಪ್ರತಿ ತಂಡವೂ ಆಟಗಾರರಿಗಾಗಿ ಖರ್ಚು ಮಾಡಬಹುದಾಗಿದ್ದ ಒಟ್ಟು ಹಣ 5 ಕೋಟಿ. ಅದರಲ್ಲಿ ತೆಲುಗು ಟೈಟನ್ಸ್ ಒಬ್ಬರಿಗೇ ಶೇ. 52ರಷ್ಟನ್ನು ಕೊಟ್ಟಿತು. ಉಳಿದ 2.395 ಕೋಟಿಯಲ್ಲಿ ಕನಿಷ್ಠ 17 ಜನರನ್ನು ಹೊಂದಿಸಬೇಕೆಂದರೆ ತಲೆಗೆ ಸರಾಸರಿ 14 ಲಕ್ಷ. ಆ ಹರಾಜಿನ ಕೆಳಗಿನ ವರ್ಗದ ಮೂಲ ಬೆಲೆಯೇ 9 ಲಕ್ಷವಾಗಿತ್ತೆಂಬುದನ್ನು ನೆನಪಿಟ್ಟರೆ ಮೂಲೆಗಳಲ್ಲಿ ನಿಲ್ಲುವವರಿಗೆ ಎಷ್ಟು ಉಳಿಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ. ಆ ಸಲ ಪವನ್ ವೈಯಕ್ತಿಕವಾಗಿ ಕಳಪೆಯಾಗಿ ಆಡಲಿಲ್ಲ. ದಾಳಿಯಲ್ಲಿ 200ಕ್ಕೂ ಹೆಚ್ಚು ಅಂಕ ತಂದರು. ಟೈಟನ್ಸ್ ಮಾತ್ರ 22 ಪಂದ್ಯಗಳಲ್ಲಿ 2ನ್ನು ಗೆದ್ದು ಪಟ್ಟಿಯ ತಳದಲ್ಲಿ ಉಳಿಯಿತು.

ಹೊರಗೆ ಕೂತವನನ್ನು ಒಳಗೆ ಕರೆಯುವವರು

ಇದಕ್ಕೆ ಕಾರಣ ಕಬಡ್ಡಿಯ ನಿಯಮದಲ್ಲಿಯೇ ಇದೆ. ಏಳು ಜನರಲ್ಲಿ ಔಟಾದವರು ಅಂಕಣದ ಹೊರಗೆ ಕೂರುತ್ತಾರೆ. ತಂಡ ಎದುರಾಳಿಯನ್ನು ಔಟ್ ಮಾಡಿದಂತೆಲ್ಲ ಅವರು ಔಟಾದ ಸರದಿಯಲ್ಲೇ ಒಬ್ಬೊಬ್ಬರಾಗಿ ಮರಳುತ್ತಾರೆ. ಮುಖ್ಯ ದಾಳಿಗಾರನಿಗಿಂತ ಮೊದಲು ಇಬ್ಬರು ಔಟಾಗಿದ್ದರೆ, ಅವನು ಮರಳಲು ಎದುರಾಳಿಯ ಮೂವರು ಔಟಾಗಬೇಕು. ಆ ಮೂವರನ್ನು ಔಟ್ ಮಾಡುವ ಹೊಣೆ ಎರಡನೇ ದಾಳಿಗಾರನದು, ಮೂರನೆಯವನದು, ಮೂಲೆಯಲ್ಲಿ ಕಾಲು ಹಿಡಿಯುವವನದು, ಅವನಿಗೆ ಬೆನ್ನಾಗಿ ನಿಂತ ಕವರ್ ಆಟಗಾರನದು.

ಇನ್ನೂ ಒಂದು ಸೂಕ್ಷ್ಮವಿದೆ. ಎದುರಾಳಿ ಅಂಕಣದಲ್ಲಿ ಆರು ಅಥವಾ ಹೆಚ್ಚು ಜನರಿದ್ದಾಗ ಬೋನಸ್ ಗೆರೆ ದಾಟಿದರೆ ಒಂದು ಅಂಕ ಸಿಗುತ್ತದೆ. ಆದರೆ ಬೋನಸ್ ಅಂಕದಿಂದ ಯಾರೂ ಮರಳುವುದಿಲ್ಲ. ಸೂಪರ್ ಟ್ಯಾಕಲ್‌ನಿಂದ, ಅಂದರೆ ಮೂವರು ಅಥವಾ ಕಡಿಮೆ ಜನರಿದ್ದು ದಾಳಿಗಾರನನ್ನು ಹಿಡಿದಾಗ ಸಿಗುವ ಹೆಚ್ಚುವರಿ ಅಂಕದಿಂದಲೂ ಮರಳುವುದಿಲ್ಲ. ಅಂಕಪಟ್ಟಿಯಲ್ಲಿ ಎಲ್ಲ ಅಂಕಗಳೂ ಒಂದೇ ತೂಕದವು. ಅಂಕಣದಲ್ಲಿ ಹಾಗಲ್ಲ. ಬೋನಸ್ ಹೆಕ್ಕಿ 10 ಅಂಕ ಗಳಿಸಿದವನಿಗೂ ಹತ್ತು ಜನರನ್ನು ಮುಟ್ಟಿ ಬಂದವನಿಗೂ 'ಸೂಪರ್ 10' ಎಂಬ ಒಂದೇ ಬಿರುದು ಸಿಗುತ್ತದೆ. ಎರಡನೆಯವನು ಹತ್ತು ಸಲ ಎದುರಾಳಿಯ ಬಲ ಕುಗ್ಗಿಸಿ, ಹೊರಗೆ ಯಾರಾದರೂ ಇದ್ದಾಗಲೆಲ್ಲ ತನ್ನವರನ್ನು ಒಳಗೆ ಕರೆತಂದಿರುತ್ತಾನೆ.

ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್‌ನಲ್ಲಿ ಇಂತಹ ತೊಡಕಿಗೆ 'ಪ್ಲಸ್-ಮೈನಸ್' ಎಂಬ ಲೆಕ್ಕ ಕಂಡುಕೊಂಡಿದ್ದಾರೆ. ಆಟಗಾರನೊಬ್ಬ ಅಂಕಣದಲ್ಲಿರುವಷ್ಟು ಹೊತ್ತು ಅವನ ತಂಡ ಎದುರಾಳಿಗಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಅಂಕ ಗಳಿಸಿತು ಎಂಬುದೇ ಅದು. ಚೆಂಡನ್ನು ಬುಟ್ಟಿಗೆ ಹಾಕಿದವನು ಯಾರೆಂಬುದು ಅಲ್ಲಿ ಗೌಣ. ಕಬಡ್ಡಿಗೆ ಈ ಲೆಕ್ಕ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಬಾಸ್ಕೆಟ್‌ಬಾಲ್‌ನಲ್ಲಿ ಆಟಗಾರನನ್ನು ಹೊರಗೆ ಕರೆಯುವವನು ಹೆಚ್ಚಾಗಿ ಅವನದೇ ತರಬೇತುದಾರ, ಇಲ್ಲಿ ಎದುರಾಳಿ. ಮುಖ್ಯ ದಾಳಿಗಾರ ಹೊರಗಿದ್ದ ನಿಮಿಷಗಳಲ್ಲಿ ತಂಡದ ಗತಿ ಏನಾಯಿತು ಎಂದು ನೋಡಿದರೆ ಅವನ ಬೆಲೆಯೂ ಉಳಿದವರ ಬೆಲೆಯೂ ಒಟ್ಟಿಗೆ ತಿಳಿಯುತ್ತದೆ.

2022ರಲ್ಲಿ ಈ ಪರೀಕ್ಷೆಯನ್ನು ವಿಧಿಯೇ ಮಾಡಿ ತೋರಿಸಿತು. ಅಕ್ಟೋಬರಿನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ತಮಿಳ್ ತಲೈವಾಸ್ ತನ್ನ ಮೊದಲ ಪಂದ್ಯ ಆಡುತ್ತಿದ್ದಾಗ 2.26 ಕೋಟಿಯ ಪವನ್ ಗಾಯಗೊಂಡು ಇಡೀ ಆವೃತ್ತಿಯಿಂದ ಹೊರಬಿದ್ದರು. 4.4 ಕೋಟಿಯ ಥೈಲಿಯ ಅರ್ಧಕ್ಕಿಂತ ಹೆಚ್ಚು ಹಣ ಒಂದೇ ಪಂದ್ಯದಲ್ಲಿ ಕರಗಿತೆಂದು ಎಲ್ಲರೂ ಮರುಗಿದರು. ತಲೈವಾಸ್ ಅದಕ್ಕೆ ಮುಂಚೆ ಒಮ್ಮೆಯೂ ಪ್ಲೇ ಆಫ್ ಕಂಡಿರಲಿಲ್ಲ. ಆ ವರ್ಷ ನರೇಂದರ್ ಎಂಬ ಹೊಸ ಹುಡುಗ 240ಕ್ಕೂ ಹೆಚ್ಚು ದಾಳಿ ಅಂಕ ತಂದ, ಎಳೆಯ ಹಿಡಿತಗಾರರ ಗುಂಪು ಕೂಡಿ ಬಂತು, ತಂಡ ಸೆಮಿಫೈನಲ್ ಮುಟ್ಟಿ ಪುಣೇರಿ ಪಲ್ಟನ್‌ಗೆ 37-39ರಲ್ಲಿ ಸೋತಿತು. ಪವನ್ ಇದ್ದಿದ್ದರೆ ಕಪ್ಪೇ ಬರುತ್ತಿತ್ತು ಎನ್ನುವವರು ಇದ್ದಾರೆ. ಅವರಿದ್ದಿದ್ದರೆ ನರೇಂದರ್ ಬೆಂಚಿನ ಮೇಲಿರುತ್ತಿದ್ದ ಎನ್ನುವವರೂ ಇದ್ದಾರೆ. ಎರಡನೆಯ ಮಾತಿಗೆ ಹೆಚ್ಚು ಬಲವಿದೆ.

ಪ್ರದೀಪ್ ಹೋದರು, ಪಟ್ನಾ ಉಳಿಯಿತು

ಕರಾವಳಿಯವರು ಮರೆಯಬಾರದ ಉದಾಹರಣೆ 2021-22ರ ಎಂಟನೇ ಆವೃತ್ತಿಯದು. ಪಟ್ನಾ ಪೈರೇಟ್ಸ್‌ಗೆ ಸತತ ಮೂರು ಕಪ್ ತಂದುಕೊಟ್ಟಿದ್ದ, 2017ರ ಆವೃತ್ತಿಯೊಂದರಲ್ಲೇ 369 ದಾಳಿ ಅಂಕ ಗಳಿಸಿದ್ದ ಪ್ರದೀಪ್ ನರ್ವಾಲ್ ಯು.ಪಿ. ಯೋಧಾ ಸೇರಿದ್ದರು. ಪಟ್ನಾ ನಾಯಕತ್ವ ವಹಿಸಿದ್ದು ದಕ್ಷಿಣ ಕನ್ನಡದ ಪ್ರಶಾಂತ್ ಕುಮಾರ್ ರೈ. ಎಡ ಮೂಲೆಯಲ್ಲಿ ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿ ನಿಂತು 89 ಹಿಡಿತದ ಅಂಕ ಗಳಿಸಿದ. ಒಬ್ಬ ದಾಳಿಗಾರನ ಮೇಲೆ ಭಾರ ಹಾಕದೆ ಪಾಲು ಹಂಚಿಕೊಂಡು ಆಡಿದ ಈ ತಂಡಕ್ಕೆ ಸೆಮಿಫೈನಲ್‌ನಲ್ಲಿ ಎದುರಾದದ್ದು ಪ್ರದೀಪ್ ಅವರ ಯೋಧಾ ತಂಡವೇ. ಫಲಿತಾಂಶ 38-27, ಪಟ್ನಾ ಫೈನಲ್‌ಗೆ. ಪ್ರೇಕ್ಷಕರಿಲ್ಲದೆ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ನಡೆದ ಆ ಫೈನಲ್‌ನಲ್ಲಿ ಪಟ್ನಾ ದಬಂಗ್ ಡೆಲ್ಲಿಗೆ 36-37ರಲ್ಲಿ, ಒಂದೇ ಒಂದು ಅಂಕದಿಂದ ಸೋತಿತು.

ಹಾಗಾದರೆ ದುಬಾರಿ ಆಟಗಾರ ಎಂದರೆ ನಷ್ಟವೇ? ಅಲ್ಲ. ಅದೇ ಶಾದ್ಲೂಯಿಯನ್ನು 2023ರಲ್ಲಿ ಪುಣೇರಿ ಪಲ್ಟನ್ 2.35 ಕೋಟಿಗೆ ಕೊಂಡಿತು. 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಹರಿಯಾಣ ಸ್ಟೀಲರ್ಸ್ ವಿರುದ್ಧ 28-25ರಲ್ಲಿ ಗೆದ್ದು ಕಪ್ ಎತ್ತಿತು. ಮರುಹರಾಜಿನಲ್ಲಿ ಸೋತ ಹರಿಯಾಣವೇ ಆತನನ್ನು 2.07 ಕೋಟಿಗೆ ಕೊಂಡು, ಅದೇ ವರ್ಷ ಡಿಸೆಂಬರಿನಲ್ಲಿ ಪಟ್ನಾವನ್ನು 32-23ರಲ್ಲಿ ಮಣಿಸಿ ಚಾಂಪಿಯನ್ ಆಯಿತು. ಎರಡು ಹರಾಜು, ಎರಡು ಕಪ್. ಹಿಡಿತಗಾರನೊಬ್ಬ ಹಾಕಿದ ಹಣವನ್ನು ಇಷ್ಟು ಸ್ಪಷ್ಟವಾಗಿ ಮರಳಿಸಿದ ಇನ್ನೊಂದು ನಿದರ್ಶನ ಲೀಗಿನಲ್ಲಿಲ್ಲ. ಆದರೆ ಪುಣೇರಿಯ ಗೆಲುವನ್ನು ಶಾದ್ಲೂಯಿಯ ಖಾತೆಗಷ್ಟೇ ಬರೆದರೆ ಅನ್ಯಾಯ. ತರಬೇತುದಾರ ಕರ್ನಾಟಕದ ಬಿ.ಸಿ. ರಮೇಶ್ ಅವರ ಕೈಯಲ್ಲಿ ಅಸ್ಲಂ ಇನಾಂದಾರ್, ಮೋಹಿತ್ ಗೋಯತ್, ಪಂಕಜ್ ಮೋಹಿತೆ ಎಂಬ ಮೂವರು ದಾಳಿಗಾರರಿದ್ದರು. ಒಬ್ಬ ಹೊರಗೆ ಕೂತರೆ ಇನ್ನೊಬ್ಬ ಕರೆತರುತ್ತಿದ್ದ. ಫೈನಲ್‌ನಲ್ಲಿ ಪಂದ್ಯವನ್ನು ತಿರುಗಿಸಿದ್ದು ಪಂಕಜ್ ಒಂದೇ ದಾಳಿಯಲ್ಲಿ ತಂದ 4 ಅಂಕ.

ಬೆಲೆಯ ಭ್ರಮೆ 2025ರಲ್ಲಿ ಮತ್ತೊಮ್ಮೆ ಬಯಲಾಯಿತು. ಆ ಹರಾಜಿನ ಮೊದಲೆರಡು ಸ್ಥಾನದಲ್ಲಿ ಗುಜರಾತ್ ಜೈಂಟ್ಸ್ ಕೊಂಡ ಶಾದ್ಲೂಯಿ (2.23 ಕೋಟಿ) ಮತ್ತು ಬೆಂಗಾಲ್ ವಾರಿಯರ್ಸ್ ಕೊಂಡ ದೇವಾಂಕ್ ದಲಾಲ್ (2.205 ಕೋಟಿ) ಇದ್ದರು. ಅಗ್ರ ಎಂಟು ತಂಡಗಳಿಗೆ ಮುಂದಿನ ಹಂತಕ್ಕೆ ಅವಕಾಶವಿದ್ದರೂ ಈ ಎರಡೂ ತಂಡಗಳು ಎಂಟರೊಳಗೆ ಬರಲಿಲ್ಲ. ಎರಡು ಸಲ ಗೆಲ್ಲಿಸಿದ ಶಾದ್ಲೂಯಿ ಮೂರನೇ ಸಲ ಯಾಕೆ ಗೆಲ್ಲಿಸಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಅವನ ಆಟದಲ್ಲಿಲ್ಲ, ಅಕ್ಕಪಕ್ಕದಲ್ಲಿ ನಿಂತವರಲ್ಲಿದೆ. ಮೂಲೆಯವನು ಪಾದ ಹಿಡಿದ ಕ್ಷಣದಲ್ಲಿ ಕವರ್ ಆಟಗಾರ ಬಂದು ಮುಚ್ಚದಿದ್ದರೆ ಹಿಡಿದವನೇ ಔಟ್.

ಲೀಗ್ ಒಂದು ಆಟ, ನಾಕೌಟ್ ಇನ್ನೊಂದು

ತಂತ್ರದ ಚರ್ಚೆಯಲ್ಲಿ ಅಭಿಮಾನಿಗಳು ಹೆಚ್ಚಾಗಿ ಎಡವುವುದು ಇಲ್ಲಿ. 11ನೇ ಆವೃತ್ತಿಯವರೆಗೆ ಲೀಗ್ ಹಂತದಲ್ಲಿ ಗೆದ್ದವರಿಗೆ 5 ಅಂಕ, ಟೈ ಆದರೆ 3, ಮತ್ತು 7 ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತವರಿಗೂ 1 ಅಂಕವಿತ್ತು. ಕೊನೆಯ ಎರಡು ನಿಮಿಷಗಳಲ್ಲಿ 6 ಅಂಕ ಹಿಂದಿರುವ ತಂಡ ಗೆಲುವಿಗಾಗಿ ಎಲ್ಲವನ್ನೂ ಪಣಕ್ಕಿಡುವ ಬದಲು ಅಂತರ ಹಿಗ್ಗದಂತೆ ನೋಡಿಕೊಂಡು ಆ ಒಂದು ಅಂಕ ಜೇಬಿಗಿಳಿಸುವುದು ಜಾಣತನವಾಗಿತ್ತು. ಪ್ಲೇ ಆಫ್‌ನಲ್ಲಿ 1 ಅಂಕದ ಸೋಲೂ 20 ಅಂಕದ ಸೋಲೂ ಒಂದೇ. ಲೀಗಿನಲ್ಲಿ ಸೋಲನ್ನು ಅಳೆದು ಆಡಲು ಕಲಿತ ತಂಡ ನಾಕೌಟ್‌ನಲ್ಲಿ ತಡಬಡಾಯಿಸುವುದು ಸಹಜ.

ಇನ್ನೊಂದು ವಿಷಯ ಗತಿ. 40 ನಿಮಿಷದ ಪಂದ್ಯದಲ್ಲಿ ಪ್ರತಿ ದಾಳಿಗೆ 30 ಸೆಕೆಂಡು. ಪೂರ್ತಿ ಬಳಸಿದರೆ ಸುಮಾರು 80 ದಾಳಿ, ತಂಡಕ್ಕೆ 40. ಸತತ ಎರಡು ದಾಳಿ ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲವಾದರೆ ದಾಳಿಗಾರ ಔಟ್. ಮುನ್ನಡೆಯಲ್ಲಿರುವ ತಂಡ ಎರಡು ಖಾಲಿ ದಾಳಿಯಲ್ಲಿ ಒಂದು ನಿಮಿಷ ಸವೆಸಿ, ಮೂರನೆಯದನ್ನು ಅದಕ್ಕೆಂದೇ ಪಳಗಿದವನಿಗೆ ಒಪ್ಪಿಸುತ್ತದೆ. 'ಸಮಯ ಕೊಲ್ಲುತ್ತಾರೆ' ಎಂದು ಟಿ.ವಿ. ಮುಂದೆ ಸಿಡಿಮಿಡಿಗೊಳ್ಳುವವರು ಒಂದನ್ನು ಗಮನಿಸಬೇಕು. ಹೀಗೆ ಗತಿ ಇಳಿದಾಗ ಎದುರಾಳಿಯ ದುಬಾರಿ ದಾಳಿಗಾರನಿಗೆ ಸಿಗುವ ದಾಳಿಗಳ ಸಂಖ್ಯೆಯೇ ಇಳಿಯುತ್ತದೆ. ಅವನನ್ನು ಹಿಡಿಯಲಾಗದಿದ್ದರೆ ಅವನ ಸರದಿಯನ್ನೇ ಕಡಿಮೆ ಮಾಡುವ ಉಪಾಯವಿದು. 2024ರ ಡಿಸೆಂಬರ್ ಫೈನಲ್ ನೋಡಿದವರಿಗೆ ಇದರ ಫಲ ಗೊತ್ತು. ಆ ಆವೃತ್ತಿಯಲ್ಲಿ 300 ದಾಳಿ ಅಂಕ ದಾಟಿದ್ದ ಪಟ್ನಾದ ದೇವಾಂಕ್ ಅಂತಿಮ ಪಂದ್ಯದಲ್ಲಿ ಎರಡಂಕಿ ಮುಟ್ಟಲಿಲ್ಲ.

ಬುಲ್ಸ್ ಅಭಿಮಾನಿಯ ಪಾಡು

ಈ ವಾದಕ್ಕೆಲ್ಲ ವಿರುದ್ಧವಾಗಿ ಎದ್ದು ನಿಲ್ಲುವ ಒಂದೇ ಸಂಜೆ 2019ರ ಜನವರಿ 5. ಮುಂಬಯಿಯಲ್ಲಿ ನಡೆದ ಆರನೇ ಆವೃತ್ತಿಯ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್ ವಿರಾಮದ ಹೊತ್ತಿಗೆ ಗುಜರಾತ್ ವಿರುದ್ಧ 9-16ರಿಂದ ಹಿಂದಿತ್ತು. ಪರ್ವೇಶ್, ಸುನಿಲ್ ಜೋಡಿಯ ಗುಜರಾತ್ ರಕ್ಷಣೆ ಆ ಕಾಲದ ಅತ್ಯುತ್ತಮವೆನಿಸಿತ್ತು. ದ್ವಿತೀಯಾರ್ಧದಲ್ಲಿ ಪವನ್ ಸೆಹ್ರಾವತ್ ಒಬ್ಬರೇ ಅದನ್ನು ಕಿತ್ತು ಹಾಕಿದರು. ಅವರ ಗಳಿಕೆ 22, ಬುಲ್ಸ್ ಗೆಲುವು 38-33. ತಂಡಕ್ಕೆ ಅದು ಮೊದಲ ಕಪ್, 2025ರ ಆವೃತ್ತಿ ಮುಗಿದಾಗಲೂ ಏಕೈಕ ಕಪ್. ಒಬ್ಬನೇ ಗೆಲ್ಲಿಸಬಲ್ಲ ಎಂದು ವಾದಿಸುವವರು ಈ ಪಂದ್ಯವನ್ನು ಬ್ರಹ್ಮಾಸ್ತ್ರದಂತೆ ಹೂಡುತ್ತಾರೆ.

ಅಸ್ತ್ರ ನಿಜ, ಆದರೆ ಆ ವರ್ಷ ಬುಲ್ಸ್ ಪವನ್‌ಗೆ ಕೊಟ್ಟದ್ದು 52.80 ಲಕ್ಷ. ನಾಯಕ ರೋಹಿತ್ ಕುಮಾರ್ ಎರಡನೇ ದಾಳಿಗಾರರಾಗಿದ್ದರು, ಮಹೇಂದರ್ ಸಿಂಗ್ ರಕ್ಷಣೆಯಲ್ಲಿದ್ದರು. ಹಣ ಉಳಿದಿತ್ತು, ಹಂಚಿತ್ತು. ಮರುವರ್ಷ ಪವನ್ ಇನ್ನೂ ಎತ್ತರಕ್ಕೇರಿದರು. ಆ ಆವೃತ್ತಿಯಲ್ಲಿ 346 ದಾಳಿ ಅಂಕ, ಹರಿಯಾಣ ವಿರುದ್ಧ ಒಂದೇ ಪಂದ್ಯದಲ್ಲಿ 39. ಬುಲ್ಸ್ ಸೆಮಿಫೈನಲ್‌ನಲ್ಲಿ ದಬಂಗ್ ಡೆಲ್ಲಿಗೆ 38-44ರಲ್ಲಿ ಸೋತಿತು. ಆಟಗಾರ ಬೆಳೆದ, ತಂಡ ಅವನ ಮೇಲೆ ಒರಗಿತು.

2022ರಲ್ಲಿ ಬುಲ್ಸ್ 1.70 ಕೋಟಿಗೆ ವಿಕಾಸ್ ಕಂಡೋಲರನ್ನು ತಂದಿತು. ಆ ಆವೃತ್ತಿಯಲ್ಲಿ ತಂಡವನ್ನು ಹೊತ್ತು ಸಾಗಿದ್ದು ಮಾತ್ರ ಅವರಿಗಿಂತ ಎಷ್ಟೋ ಅಗ್ಗದ ಭರತ್. 270ಕ್ಕೂ ಹೆಚ್ಚು ದಾಳಿ ಅಂಕ ಅವರದು. 2024ರಲ್ಲಿ 70 ಲಕ್ಷಕ್ಕೆ ಪ್ರದೀಪ್ ನರ್ವಾಲ್ ಬಂದಾಗ ಹಳೆಯ ಹೆಸರಿಗೆ ಮರುಳಾದವರೇ ಹೆಚ್ಚು. ತಂಡ 22ರಲ್ಲಿ 2 ಪಂದ್ಯ ಗೆದ್ದು ಕೊನೆಯ ಸ್ಥಾನಕ್ಕಿಳಿಯಿತು. 2025ರಲ್ಲಿ ಬಿ.ಸಿ. ರಮೇಶ್ ತರಬೇತುದಾರರಾಗಿ ಬಂದರು. ದೊಡ್ಡ ಹೆಸರುಗಳಿಲ್ಲದ ಆ ತಂಡ ತಳದಿಂದೆದ್ದು ಪ್ಲೇ ಆಫ್ ತಲುಪಿತು, ಫೈನಲ್ ಮುಟ್ಟಲಿಲ್ಲ.

ಏಳನೆಯವನ ಸಂಬಳ

ಕಾರವಾರ, ಅಂಕೋಲಾಗಳಿಗೆ ಇದು ಬರೀ ಮಾತಿನ ಮನರಂಜನೆಯಲ್ಲ. ಕರಾವಳಿಯ ಕಬಡ್ಡಿ ಆಟಗಾರನಿಗೆ ಹಿಂದೆ ಬದುಕಿನ ದಾರಿ ಎಂದರೆ ಕ್ರೀಡಾ ಕೋಟಾದ ನೌಕರಿ. ವಿಜಯಾ ಬ್ಯಾಂಕ್, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ತಂಡಗಳ ಹೆಸರು ಹಳೆಯ ಕಬಡ್ಡಿ ಪ್ರೇಮಿಗಳಿಗೆ ಇಂದಿಗೂ ಬಾಯಿಪಾಠ. ಎಸ್‌ಬಿಎಂ 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ, ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದವು. ಊರಿನ ಅಂಕಣದಲ್ಲಿ ಕಾಲು ಹಿಡಿಯುವ ಹುಡುಗನಿಗೆ ಈಗ ಲೀಗಿನ ಕೆಳಗಿನ ವರ್ಗವೇ ಮೇಲಿನ ಮೆಟ್ಟಿಲು. ಹರಾಜಿನ ಥೈಲಿಗೆ ಮಿತಿಯಿರುವುದರಿಂದ ಒಬ್ಬನ ಬೆಲೆ 50 ಲಕ್ಷ ಏರಿದರೆ ಆ ಹಣ ಎಲ್ಲಿಂದಲೋ ಬರುವುದಿಲ್ಲ, ಕೆಳಗಿನ ಐದಾರು ಜನರ ಪಾಲಿನಿಂದ ಬರುತ್ತದೆ. ದಾಳಿಗಾರನಿಗೆ ಎಷ್ಟು ಕೊಡಬೇಕೆಂಬ ಪ್ರಶ್ನೆ ತಿರುಗಿಸಿ ನೋಡಿದರೆ ಹಿಡಿತಗಾರನಿಗೆ ಎಷ್ಟು ಉಳಿಯುತ್ತದೆಂಬ ಪ್ರಶ್ನೆಯೇ ಆಗಿದೆ.

12ನೇ ಆವೃತ್ತಿಯಲ್ಲಿ ನಿಯಮಗಳು ಮತ್ತೊಮ್ಮೆ ಬದಲಾದವು. ಗೆಲುವಿಗೆ 2 ಅಂಕ, ಸೋಲಿಗೆ ಏನೂ ಇಲ್ಲ. 7 ಅಂಕದೊಳಗಿನ ಸೋಲಿನ ರಿಯಾಯಿತಿ ಹೋಯಿತು. ಪಂದ್ಯ ಸಮವಾದರೆ ಲೀಗ್ ಹಂತದಲ್ಲೂ ಟೈ ಬ್ರೇಕರ್ ಬಂತು: ಪ್ರತಿ ತಂಡಕ್ಕೆ ಐದು ದಾಳಿ, ಐದಕ್ಕೂ ಬೇರೆ ಬೇರೆ ಆಟಗಾರರು. ಅಲ್ಲಿ ಔಟಾದವರು ಹೊರಹೋಗುವುದೂ ಇಲ್ಲ, ಮರಳುವುದೂ ಇಲ್ಲ. ಎರಡು ಕೋಟಿಯ ದಾಳಿಗಾರನಿಗೆ ಒಂದೇ ಒಂದು ಸರದಿ, ಉಳಿದ ನಾಲ್ಕು ಸಹ ಆಟಗಾರರದು. ಆ ವರ್ಷ ಪುಣೇರಿ ಪಲ್ಟನ್ ಮತ್ತು ದಬಂಗ್ ಡೆಲ್ಲಿ ನಡುವಿನ ಮೊದಲ ಕ್ವಾಲಿಫೈಯರ್ ಹೀಗೆಯೇ ಟೈ ಬ್ರೇಕರ್‌ನಲ್ಲಿ ತೀರ್ಮಾನವಾಗಿ ಡೆಲ್ಲಿ ಫೈನಲ್ ಸೇರಿತು. ಅಕ್ಟೋಬರ್ 31ರಂದು ದೆಹಲಿಯಲ್ಲಿ ಅವೇ ಎರಡು ತಂಡಗಳು ಫೈನಲ್ ಆಡಿದವು. ಡೆಲ್ಲಿ 31-28ರಲ್ಲಿ ಗೆದ್ದಿತು. ಅದರ ಮೂಲೆಯಲ್ಲಿ ನಿಂತಿದ್ದವರು ಫಜಲ್ ಅತ್ರಾಚಲಿ.